ಎತ್ತಿನ ಕಾವಲಿಗೆ ಹೆಲಿಕಾಪ್ಟರ್ ಬಂದ ಕಥೆ

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ನಿಟ್ಟೂರು ಕಡೆ ಎರಡು ಮಾತು ಒಟ್ಟಿಗೇ ಕೇಳಿಸುತ್ತವೆ. ಎಚ್‌ಎಎಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದ ಮೇಲೆ ಸೈಟಿಗೆ ಬೆಲೆ ಬಂತು ಅನ್ನುವುದು ಒಂದು. ಕುರಿ ಬಿಡೋಕೆ ಜಾಗ ಹೋಯ್ತು ಅನ್ನುವುದು ಇನ್ನೊಂದು. ಮಗ ಮೊದಲನೆಯದು ಹೇಳಿದರೆ ಅದೇ ಮನೆಯ ಅಪ್ಪ ಎರಡನೆಯದು ಹೇಳುತ್ತಾನೆ.

ಈ ಗಂಟು ಫ್ಯಾಕ್ಟರಿಯಿಂದ ಶುರುವಾಗಿದ್ದಲ್ಲ. ಫ್ಯಾಕ್ಟರಿ ಇರುವ ಜಾಗದ ಹೆಸರನ್ನೇ ನೋಡಿ, ಬಿದರೆಹಳ್ಳ ಕಾವಲ್. ಕಾವಲ್ ಅಂದರೆ ಕಾಯ್ದಿಟ್ಟ ಹುಲ್ಲುಗಾವಲು. ಈ ಸೀಮೆಯ ಹುಲ್ಲಿಗೂ ಸೈನ್ಯಕ್ಕೂ ನಂಟು ಹಳೆಯದು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಕೊಡುತ್ತಿದ್ದ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರು. ಹೈದರಾಲಿ ಆ ತಳಿಯ ಎತ್ತುಗಳನ್ನು ಯುದ್ಧಕ್ಕೆ ಹಚ್ಚಿದ. ಅವುಗಳ ಬಲದಿಂದಲೇ ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದಿತ್ತು ಅಂತ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಬೂದು ಮೈ, ಈಟಿಯಂಥ ಕೊಂಬು, ಮೂಗಿನ ತುದಿಯಲ್ಲೇ ಕೋಪ. ಕಾವಲಿನಲ್ಲಿ ಅರೆಕಾಡು ದನದ ಹಾಗೆ ಬೆಳೆದ ಹೋರಿಯನ್ನು ಹಿಡಿದು, ಪಳಗಿಸಿ, ನೊಗಕ್ಕೆ ಒಗ್ಗಿಸಿ ಫಿರಂಗಿ ಎಳೆಯಲು ಕಳಿಸುತ್ತಿದ್ದರು. ಸೈನ್ಯದ ತಾಲೀಮು ಮೈದಾನ ಅಂದರೆ ಆಗ ಇದೇ.

ಕಾವಲುಗಳಲ್ಲೂ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಅಂತ ಬೇರೆ ಬೇರೆ. ಬೇಸಿಗೆಯದಕ್ಕೆ ಕೆರೆಯೂ ನೆರಳೂ ಬೇಕು. ಹಿಂಡು ಬರುವ ತನಕ ಹುಲ್ಲು ಕಾಯಬೇಕಿತ್ತು, ಅದಕ್ಕೇ ಕಾವಲು. ಯಾರಿಂದ ಕಾಯಬೇಕಿತ್ತು? ಸುತ್ತಲ ಹಳ್ಳಿಯ ದನ ಕುರಿಗಳಿಂದ, ಅಲ್ವಾ? 1799ರ ನಂತರ ಇದೆಲ್ಲ ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಜಾಸ್ತಿ ಅಂತ ಇಲಾಖೆ ಮುಚ್ಚಿ ಹಿಂಡನ್ನೇ ಮಾರಿದರು. ಆಮೇಲೆ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ತೆರೆದರು.

ಎತ್ತಿನ ಜಾಗಕ್ಕೆ ಲಾರಿ ಬಂದ ಮೇಲೆ ಕಾವಲಿಗೆ ಕೇಳುವವರಿಲ್ಲದಾಯಿತು. ಸ್ವಾತಂತ್ರ್ಯದ ನಂತರ ಬೇಸಾಯಕ್ಕೆ ಒಂದಿಷ್ಟು, ನೀಲಗಿರಿಗೆ ಒಂದಿಷ್ಟು, ಬಗರ್‌ಹುಕುಂಗೆ ಒಂದಿಷ್ಟು ಅಂತ ಕರಗುತ್ತಾ ಬಂತು. ಉಳಿದದ್ದರಲ್ಲಿ ಊರಿನವರು ದನ ಕುರಿ ಮೇಯಿಸಿಕೊಂಡರು. ಯಾರೂ ಬೇಡ ಅನ್ನಲಿಲ್ಲ. ಯಾರೂ ಬರೆದೂ ಕೊಡಲಿಲ್ಲ. ಪಹಣಿಯಲ್ಲಿ ಮಾಲೀಕನಿಗೆ ಕಾಲಂ ಇದೆ, ಬೆಳೆಗೆ ಕಾಲಂ ಇದೆ. ತಲೆತಲಾಂತರದಿಂದ ಕುರಿ ಮೇಯಿಸಿದವನಿಗೆ ಇಲ್ಲ.

ಹಾಗಾಗಿ ದೊಡ್ಡ ಜಾಗ ಹುಡುಕುತ್ತಾ ರಕ್ಷಣಾ, ವಿಜ್ಞಾನ ಸಂಸ್ಥೆಗಳು ಬಂದಾಗ ಕಾಗದದ ಮೇಲೆ ಕಾವಲು ಖಾಲಿ ಕಂಡಿತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿ ಎಲ್ಲಕ್ಕೂ ಅಮೃತ ಮಹಲ್ ಕಾವಲು ಹಂಚಿದ್ದು ಹೀಗೇ. ಆ ತಕರಾರು ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯ ಮಾತ್ರ 2017ರಲ್ಲಿ ಶುರುವಾಯಿತು. ಬಿದರೆಹಳ್ಳದಲ್ಲಿ ಎಚ್‌ಎಎಲ್‌ಗೆ ಸಿಕ್ಕಿದ್ದು 615 ಎಕರೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ವರ್ಷಕ್ಕೆ 30 ಹೆಲಿಕಾಪ್ಟರ್‌ನಿಂದ ಶುರುಮಾಡಿ 60, ಆಮೇಲೆ 90 ಅನ್ನುವ ಲೆಕ್ಕ.

ಹೆಲಿಕಾಪ್ಟರ್ ಮಾಡಿದರೆ ಸಾಲದು, ಹಾರಿಸಿಯೂ ನೋಡಬೇಕು. ಹಾರಾಟ ಇರುವ ಕಡೆ ಸುತ್ತಲ ಕಟ್ಟಡಗಳ ಎತ್ತರಕ್ಕೆ ಮಿತಿ ಬೀಳುತ್ತದೆ. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ಬಂದಾಗಲೆಲ್ಲ ಸುತ್ತ ಹಲವು ಕಿಲೋಮೀಟರ್‌ವರೆಗೆ ಮಾಂಸದಂಗಡಿ ಮುಚ್ಚಿಸುತ್ತಾರೆ. ಎಸೆದ ಚೂರಿಗೆ ಹದ್ದು ಬರುತ್ತದೆ, ಹದ್ದು ಎಂಜಿನ್‌ಗೆ ಬೀಳುತ್ತದೆ ಅನ್ನುವ ಭಯ. ಸೈಟು ಕೊಳ್ಳುವ ಎಷ್ಟು ಜನ ಇದನ್ನೆಲ್ಲ ಕೇಳಿಕೊಂಡು ಅಡ್ವಾನ್ಸ್ ಕೊಡುತ್ತಾರೋ!

ಮಧುಗಿರಿಯ ಮೈದನಹಳ್ಳಿಯಲ್ಲಿ ಇಂಥದೇ ಹುಲ್ಲುಗಾವಲಿನ 798 ಎಕರೆಯನ್ನು 2007ರಲ್ಲಿ ಕೃಷ್ಣಮೃಗಕ್ಕೆ ಅಂತ ಮೀಸಲಿಟ್ಟರು. ಒಳ್ಳೆಯದೇ. ಕುರಿಗೆ ಅಂತ ಯಾರೂ ಒಂದೆಕರೆ ಕೇಳಿದ್ದು ನಾನು ಕಂಡಿಲ್ಲ. ಕುರಿಯವರು ರಸ್ತೆ ಬದಿಯಲ್ಲಿ ನಿಂತು ದೋಟಿಯಲ್ಲಿ ಜಾಲಿ ಕಾಯಿ ಉದುರಿಸುತ್ತಾರೆ. ಡಾಂಬರಿನ ಮೇಲೆ ಬಿದ್ದದ್ದನ್ನು ಕುರಿಗಳು ಆರಿಸಿಕೊಂಡು ತಿನ್ನುತ್ತವೆ.