ಪದ ಪರಿಚಯ: ಪರಿಸರ ಭೂದೃಶ್ಯ ಛಾಯಾಗ್ರಹಣ

ಕಾರವಾರದ ಕಡಲತೀರದಲ್ಲಿ ಸಂಜೆ ಹೊತ್ತು ತೆಗೆದ ಚಿತ್ರವನ್ನು ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಇಂದಿಗೂ ‘ಸೀನರಿ’ ಎಂದೇ ಕರೆಯುತ್ತಾರೆ. ಕೂರ್ಮಗಡ ದ್ವೀಪದ ಆಚೆ ಇಳಿಯುವ ಸೂರ್ಯ, ದಡಕ್ಕೆ ಎಳೆದಿಟ್ಟ ದೋಣಿ, ಕೇಸರಿಗೆ ತಿರುಗಿದ ನೀರು ಇಷ್ಟಿದ್ದರೆ ಸೀನರಿ ಪೂರ್ಣವಾಯಿತು. ಅದಕ್ಕೆ ‘ಭೂದೃಶ್ಯ’ ಎಂಬ ಗಂಭೀರ ಹೆಸರನ್ನಿಟ್ಟರೂ ಅದರ ಸ್ವಭಾವ ಬದಲಾಗುವುದಿಲ್ಲ. ‘ಪರಿಸರ ಭೂದೃಶ್ಯ’ ಎಂಬುದು ಬೇರೆಯೇ ಕೆಲಸ. ಒಂದು ನೆಲದಲ್ಲಿ ನೀರು, ಮರ, ಕಲ್ಲುಗಳ ನಡುವೆ ಏನು ನಡೆದಿದೆ, ಮನುಷ್ಯ ಅಲ್ಲಿ ಏನನ್ನು ಕೂಡಿಸಿದ್ದಾನೆ, ಏನನ್ನು ಕಳೆದಿದ್ದಾನೆ ಎಂಬುದನ್ನು ನೋಡುಗನು ಓದಿಕೊಳ್ಳುವಂತೆ ದಾಖಲಿಸಿಯೂ ಕಲಾಕೃತಿಯಾಗಿ ಗೋಡೆಯ ಮೇಲೆ ನಿಲ್ಲಬಲ್ಲ ಚಿತ್ರಕ್ಕೆ ಈ ಹೆಸರು ಸಲ್ಲುತ್ತದೆ.

ಪದದೊಳಗೆ ‘ವರ್ಣ’ ಎಂಬ ಮಾತಿಲ್ಲದಿದ್ದರೂ ಅರ್ಥದ ಬಹುಪಾಲು ಭಾರವನ್ನು ಹೊತ್ತಿರುವುದು ಬಣ್ಣವೇ. ಶಿರಸಿ ಸೀಮೆಯ ಅಡಿಕೆ ತೋಟವೊಂದಕ್ಕೆ ಶ್ರಾವಣದಲ್ಲಿ ಇಳಿದು ನೋಡಿದರೆ ಇದು ತಿಳಿಯುತ್ತದೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಕೊಳೆರೋಗದ ಔಷಧಿಯನ್ನು ಅಡಿಕೆ ಗೊನೆಗಳಿಗೆ ಹೊಡೆದ ಮೇಲೆ, ಅದು ಮರದ ಮೈಮೇಲೆ ಸೋರಿ, ಬಿಳಿ ಬೂದಿಯ ಕಲ್ಲುಹೂವಿನ ಮಚ್ಚೆಗಳ ನಡುವೆ ತಿಳಿನೀಲಿ ಗೆರೆಗಳಾಗಿ ಒಣಗಿರುತ್ತದೆ. ಆ ನೀಲಿಯನ್ನು ಕಂಡವನಿಗೆ ಈ ತೋಟಕ್ಕೆ ಔಷಧಿ ಬಿದ್ದಿದೆಯೋ ಇಲ್ಲವೋ, ಮಳೆ ಅದನ್ನು ಎಷ್ಟು ತೊಳೆದಿದೆ ಎಂಬುದು ಗೊತ್ತಾಗುತ್ತದೆ. ಇದೇ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿದರೆ ನೀಲಿ ಗೆರೆಯೂ ಕಲ್ಲುಹೂವೂ ಒಂದೇ ಬೂದಿಯಲ್ಲಿ ಬೆರೆತುಹೋಗಿ, ಚೆಲುವಾದ ಕಂಬದ ಸಾಲು ಉಳಿಯುತ್ತದೆ, ತೋಟ ಉಳಿಯುವುದಿಲ್ಲ. ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿಯೂ (ತೋಟಕ್ಕೆ ಸೊಪ್ಪು ತರುವ ಕಾಡು) ಹೀಗೆಯೇ: ಕೆಂಚು ಚಿಗುರಿಗೂ ಬಲಿತ ಹಸಿರೆಲೆಗೂ ಹೊಳಪು ಸಮವಿದ್ದರೆ, ಕಪ್ಪುಬಿಳುಪಿನಲ್ಲಿ ಅವೆರಡನ್ನು ಬೇರ್ಪಡಿಸುವುದು ಕಷ್ಟ.

ಈ ಅರ್ಥದಲ್ಲಿ ಪದವನ್ನು ಬಿಡಿಸಿ ತೋರಿಸಲು ಅಮೆರಿಕದ ಛಾಯಾಗ್ರಾಹಕ ಎಲಿಯಟ್ ಪೋರ್ಟರ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. 1901ರಲ್ಲಿ ಹುಟ್ಟಿದ ಅವರು ವೈದ್ಯಶಾಸ್ತ್ರ ಓದಿ ಹಾರ್ವರ್ಡ್‌ನಲ್ಲಿ ಪಾಠ ಮತ್ತು ಸಂಶೋಧನೆಯಲ್ಲಿ ತೊಡಗಿದ್ದವರು. ಹೆಸರಾಂತ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ ಅವರ ಕಪ್ಪುಬಿಳುಪು ಚಿತ್ರಗಳನ್ನು ಪ್ರದರ್ಶಿಸಿದ ಬಳಿಕ ಪ್ರಯೋಗಾಲಯವನ್ನು ಬಿಟ್ಟು ಕ್ಯಾಮೆರಾ ಹಿಡಿದರು. ಬಣ್ಣದ ಕಡೆಗೆ ಅವರನ್ನು ತಿರುಗಿಸಿದ್ದು ಕಲೆಯ ವಾದವಲ್ಲ, ಹಕ್ಕಿಗಳು. ಹಕ್ಕಿಯ ಗುರುತು ಸಿಗಬೇಕಾದರೆ ಬಣ್ಣ ಬೇಕೇ ಬೇಕು ಎಂಬ ಸರಳ ಅಗತ್ಯದಿಂದ ಶುರುವಾದದ್ದು ಮುಂದೆ ಎಲೆ, ಪಾಚಿ, ಬಂಡೆಗಳವರೆಗೆ ಹಬ್ಬಿತು. ಅಂದಿನ ಕಲಾವಲಯದಲ್ಲಿ ಬಣ್ಣದ ಚಿತ್ರವೆಂದರೆ ಜಾಹೀರಾತು ಮತ್ತು ಕ್ಯಾಲೆಂಡರ್ ಎಂಬ ಭಾವನೆಯಿತ್ತು; ಭೂದೃಶ್ಯ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಂಥವರ ಹೆಸರುವಾಸಿ ಪರ್ವತಗಳೆಲ್ಲವೂ ಕಪ್ಪುಬಿಳುಪಿನವು.

ಪೋರ್ಟರ್ ತಮ್ಮ ಮುದ್ರಣಕ್ಕೆ ನೆಚ್ಚಿಕೊಂಡದ್ದು ‘ಡೈ ಟ್ರಾನ್ಸ್‌ಫರ್’ ಎಂಬ ವಿಧಾನವನ್ನು. ಬಣ್ಣದ ಪಾರದರ್ಶಿಕೆಯಿಂದ (ಸ್ಲೈಡ್ ಫಿಲ್ಮ್) ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಮೂರು ಕಪ್ಪುಬಿಳುಪು ನೆಗೆಟಿವ್‌ಗಳನ್ನು ಬೇರ್ಪಡಿಸಿ, ಒಂದೊಂದರಿಂದಲೂ ಜಿಲೆಟಿನ್ನಿನ ಉಬ್ಬಚ್ಚು ತಯಾರಿಸಿ, ಅವುಗಳಿಗೆ ಕ್ರಮವಾಗಿ ಸಯಾನ್, ಮಜೆಂಟಾ, ಹಳದಿ ಬಣ್ಣಗಳನ್ನು ಹೀರಿಸಿ, ಒಂದೇ ಕಾಗದದ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ಒಂದರ ಮೇಲೊಂದನ್ನು ಒತ್ತಬೇಕು. ದಿನಗಟ್ಟಲೆ ಹಿಡಿಯುವ ಕೆಲಸವಾದರೂ ಪ್ರತಿ ಬಣ್ಣವನ್ನೂ ಬೇರೆಯಾಗಿಯೇ ಏರಿಸಿ ಇಳಿಸುವ ಅಧಿಕಾರ ಇಲ್ಲಿ ಛಾಯಾಗ್ರಾಹಕನ ಕೈಯಲ್ಲಿರುತ್ತದೆ. ಇಂದು ಅದೇ ಅಧಿಕಾರ ಕಂಪ್ಯೂಟರಿನ ಒಂದು ಸ್ಲೈಡರಿಗೆ ಬಂದಿದೆ, ಅದರ ಜೊತೆಗೆ ಬರಬೇಕಿದ್ದ ಸಂಯಮ ಬಂದಿಲ್ಲ. ಘಟ್ಟದ ಒಂದು ಹಳ್ಳದ ಚಿತ್ರವನ್ನು ಒಮ್ಮೆ ಮುದ್ರಣಕ್ಕೆ ಕೊಟ್ಟಾಗ, ನಾನು ಕೇಳದಿದ್ದರೂ ಹಸಿರನ್ನು ಏರಿಸಿ ಕೊಟ್ಟರು; ‘ಚೆನ್ನಾಗಿ ಕಾಣ್ಲಿ ಅಂತ ಮಾಡಿದ್ದು’ ಎಂದರು. ಬೇಸಿಗೆಯ ಕೊನೆಯಲ್ಲಿ ಬಾಡಿದ್ದ ದಂಡೆ ಆಷಾಢದಂತೆ ತುಂಬಿ ನಿಂತಿತ್ತು. ಸೀನರಿಯಾಗಿ ಅದು ಸೊಗಸಾಗಿತ್ತು, ದಾಖಲೆಯಾಗಿ ಸುಳ್ಳಾಗಿತ್ತು.

1962ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆ ಪೋರ್ಟರ್ ಅವರ ವರ್ಣಚಿತ್ರಗಳನ್ನು ಹತ್ತೊಂಬತ್ತನೇ ಶತಮಾನದ ಅಮೆರಿಕದ ಲೇಖಕ ಥೋರೋ ಅವರ ಬರಹದ ಆಯ್ದ ಭಾಗಗಳೊಂದಿಗೆ ದೊಡ್ಡ ಪುಸ್ತಕವಾಗಿ ಹೊರತಂದಿತು. ಮರುವರ್ಷದ ಪುಸ್ತಕದ ವಿಷಯ ಕೊಲರಾಡೊ ನದಿಯ ಗ್ಲೆನ್ ಕಣಿವೆ. ಅಣೆಕಟ್ಟಿನ ಬಾಗಿಲು ಮುಚ್ಚಿ ಕಣಿವೆಯಲ್ಲಿ ನೀರು ಏರತೊಡಗಿದ್ದೂ ಅದೇ 1963ರಲ್ಲಿ. ಬಂಡೆಗೋಡೆಯ ಮೇಲೆ ನೀರಿಳಿದ ಕಪ್ಪು ಪಟ್ಟೆ, ಅದರ ಪಕ್ಕದ ಕೆಂಪು, ಮಡುವಿನಲ್ಲಿ ಬಿದ್ದ ಆಕಾಶದ ನೀಲಿ ಇವೆಲ್ಲ ಪುಸ್ತಕ ಓದುಗರ ಕೈಸೇರಿದಾಗ ಮುಳುಗುತ್ತಿದ್ದ ಜಾಗದ ಬಣ್ಣಗಳಾಗಿದ್ದವು. ಹಳೆಯ ಸೂಪಾ ಊರು ಕಾಳಿ ನದಿಯ ಹಿನ್ನೀರಿನಡಿ ಸೇರಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದದ್ದನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪೋರ್ಟರ್ ಅವರ ವರ್ಣಚಿತ್ರಗಳ ಪ್ರದರ್ಶನ ಏರ್ಪಡಿಸಿತು. 1990ರಲ್ಲಿ ಅವರು ತೀರಿಕೊಂಡರು.

ಪೋರ್ಟರ್ ಚೌಕಟ್ಟಿನಲ್ಲಿ ಮನುಷ್ಯ ಕಾಣಸಿಗುವುದು ಅಪರೂಪ, ಅಲ್ಲಿಯೇ ಮುಂದಿನವರ ತಕರಾರೂ ಇತ್ತು. 1975ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ನಡೆದ ‘ನ್ಯೂ ಟೊಪೊಗ್ರಾಫಿಕ್ಸ್’ ಪ್ರದರ್ಶನ ಮನುಷ್ಯ ಬದಲಿಸಿದ ನೆಲವನ್ನೇ ವಿಷಯವಾಗಿಸಿತು. ಅದರಲ್ಲಿ ಬಣ್ಣ ಬಳಸಿದವರು ಸ್ಟೀಫನ್ ಶೋರ್ ಒಬ್ಬರೇ. ಆಮೇಲೆ ರಿಚರ್ಡ್ ಮಿಸ್ರಾಕ್ ಮರುಭೂಮಿಗಳಲ್ಲಿ, ಎಡ್ವರ್ಡ್ ಬರ್ಟಿನ್ಸ್ಕಿ ಗಣಿಗಳಲ್ಲಿ ಬಣ್ಣವನ್ನು ಇದೇ ದಾರಿಯಲ್ಲಿ ನಡೆಸಿದರು.

ನಮ್ಮಲ್ಲಿ ಈ ಪದಕ್ಕೆ ತಕ್ಕ ಚಿತ್ರಕ್ಕಾಗಿ ಜಲಪಾತವನ್ನೇ ಹುಡುಕಬೇಕಾಗಿಲ್ಲ. ಸೂಪಾ ಹಿನ್ನೀರಿನ ಒಂದೇ ದಂಡೆಯಲ್ಲಿ, ಒಂದೇ ಎತ್ತರದಲ್ಲಿ ಟ್ರೈಪಾಡ್ ಊರಿ, ತುಂಬಿದ ಮಳೆಗಾಲದ ಕೊನೆಗೊಂದು, ಮೇ ತಿಂಗಳಿಗೊಂದು ಚಿತ್ರ ತೆಗೆದು, ಕೆಳಗೆ ತಾರೀಖು ಬರೆದರೂ ಸಾಕು. ಮೊದಲನೆಯದರಲ್ಲಿ ನೀರು ಕಾಡಿನ ಬುಡವನ್ನು ಮುಟ್ಟಿರುತ್ತದೆ. ಎರಡನೆಯದರಲ್ಲಿ ನೀರಿಗೂ ಕಾಡಿಗೂ ನಡುವೆ, ಒಂದು ಹುಲ್ಲುಕಡ್ಡಿಯೂ ಇಲ್ಲದ ಕೆಮ್ಮಣ್ಣಿನ ಅಗಲವಾದ ಪಟ್ಟೆ ಬಿಚ್ಚಿಕೊಂಡಿರುತ್ತದೆ.