ಮಗುವನ್ನು ಯಾರು ನೋಡಿಕೊಳ್ತಾರೆ?

2008ರ ಆಗಸ್ಟ್ 29ರಂದು, ಅಮೆರಿಕದ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದಿಂದ ನಿಂತಿದ್ದ ಜಾನ್ ಮೆಕೇನ್‌ಗೆ 72 ತುಂಬಿತು. ಅದೇ ದಿನ ಓಹಾಯೋದ ಡೇಟನ್‌ನಲ್ಲಿ ಅವರು ತಮ್ಮ ರನ್ನಿಂಗ್ ಮೇಟ್, ಅಂದರೆ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ, ಸಾರಾ ಪೇಲಿನ್ ಎಂದು ಘೋಷಿಸಿದರು. ಪೇಲಿನ್‌ಗೆ ಆಗ 44 ವರ್ಷ. ಅಲಾಸ್ಕಾದ ಗವರ್ನರ್ ಆಗಿ ಎರಡು ವರ್ಷವೂ ಆಗಿರಲಿಲ್ಲ. ಐದನೇ ಮಗುವಿಗಿನ್ನೂ ನಾಲ್ಕು ತಿಂಗಳು. ಅದಕ್ಕೆ ಡೌನ್ ಸಿಂಡ್ರೋಮ್ ಇತ್ತು. ಮೂರೇ ದಿನಕ್ಕೆ ಇನ್ನೊಂದು ಸುದ್ದಿ ಬಂತು: 17 ವರ್ಷದ ಮಗಳು ಗರ್ಭಿಣಿ.

ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುತ್ತದೆ. ಇಂಥ ಮಕ್ಕಳ ಬೆಳವಣಿಗೆ ನಿಧಾನ, ಮೊದಲ ವರ್ಷಗಳಲ್ಲಿ ಆರೈಕೆ ಜಾಸ್ತಿ ಬೇಕು. ಹಾಗಾಗಿ ಎಲ್ಲೆಡೆ ಒಂದೇ ಪ್ರಶ್ನೆ ಎದ್ದಿತು. ಇಷ್ಟೆಲ್ಲ ಇಟ್ಟುಕೊಂಡು ಈಕೆ ದೇಶದ ಕೆಲಸ ಮಾಡಬಲ್ಲರಾ?

ಅದೇ ಚುನಾವಣೆಯಲ್ಲಿ ಬರಾಕ್ ಒಬಾಮಾ ಅಧ್ಯಕ್ಷರಾಗಲು ಹೊರಟಿದ್ದರು. ಅವರ ಹೆಣ್ಣುಮಕ್ಕಳಿಗೆ 10 ಮತ್ತು 7 ವರ್ಷ. ಒಬಾಮಾರನ್ನು ಈ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. ಪೇಲಿನ್ ಮಗಳ ಸುದ್ದಿ ಬಂದಾಗ, ಕುಟುಂಬದ ವಿಷಯ, ಅದರಲ್ಲೂ ಮಕ್ಕಳ ವಿಷಯ ಎತ್ತಬಾರದು ಎಂದು ಒಬಾಮಾ ಆಗಲೇ ಹೇಳಿದರು. ತಮ್ಮನ್ನು ಹೆತ್ತಾಗ ತಾಯಿಗೆ 18 ವರ್ಷ ಎಂದೂ ನೆನಪಿಸಿದರು. ಅವರ ರನ್ನಿಂಗ್ ಮೇಟ್ ಜೋ ಬೈಡನ್ 1972ರ ಡಿಸೆಂಬರ್‌ನಲ್ಲಿ ಅಪಘಾತವೊಂದರಲ್ಲಿ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕಳೆದುಕೊಂಡಿದ್ದರು. ಸೆನೆಟರ್ ಆದ ಮೇಲೆ, ಬದುಕುಳಿದ ಇಬ್ಬರು ಗಂಡುಮಕ್ಕಳಿಗಾಗಿ ತಮ್ಮೂರು ವಿಲ್ಮಿಂಗ್ಟನ್‌ನಿಂದ ವಾಷಿಂಗ್ಟನ್‌ಗೆ ರೈಲಿನಲ್ಲೇ ಓಡಾಡಿದರು. ಅದು ಒಳ್ಳೆಯ ಅಪ್ಪನ ಕತೆಯಾಯಿತು. ಅಮ್ಮನ ವಿಷಯಕ್ಕೆ ಬಂದಾಗ ಮಾತ್ರ ಮನೆಯೇ ಅನುಮಾನಕ್ಕೆ ಕಾರಣವಾಯಿತು.

ಇದು ಬರೀ ರಾಜಕೀಯದ ಜಗಳ ಅಲ್ಲ. ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಅಳೆದು ತೋರಿಸಿತ್ತು. ಕಂಪನಿಯೊಂದರ ಮಾರ್ಕೆಟಿಂಗ್ ಹುದ್ದೆಗೆ ಎರಡು ಕಾಲ್ಪನಿಕ ಅರ್ಜಿಗಳು. ಓದು, ಅನುಭವ ಎಲ್ಲ ಸಮ. ಒಂದರಲ್ಲಿ ಮಾತ್ರ ಶಾಲೆಯ ಪೋಷಕರ ಸಂಘದಲ್ಲಿ ದುಡಿದಿರುವ ಸಾಲೊಂದಿತ್ತು, ಮಕ್ಕಳಿರುವುದು ಅದರಿಂದ ಗೊತ್ತಾಗುತ್ತಿತ್ತು. ಓದಿದ ವಿದ್ಯಾರ್ಥಿಗಳು ಅಮ್ಮಂದಿರಿಗೆ ಕೆಲಸದ ಮೇಲೆ ನಿಷ್ಠೆ ಕಡಿಮೆ, ಸಾಮರ್ಥ್ಯವೂ ಕಡಿಮೆ ಎಂದರು. ಮಕ್ಕಳಿಲ್ಲದ ಹೆಂಗಸಿಗಿಂತ ಸುಮಾರು 11,000 ಡಾಲರ್ ಕಡಿಮೆ ಸಂಬಳ ಸೂಚಿಸಿದರು. ತಡವಾಗಿ ಬಂದರೆ ಸಹಿಸುವುದೂ ಕಡಿಮೆ. ಅಪ್ಪಂದಿರಿಗೆ ಇಂಥ ಪೆಟ್ಟೇ ಬೀಳಲಿಲ್ಲ. ಕೆಲವು ಅಂಕಗಳಲ್ಲಿ ಅವರು ಮಕ್ಕಳಿಲ್ಲದ ಗಂಡಸರಿಗಿಂತ ಮುಂದಿದ್ದರು. ನಿಜವಾದ ಕಂಪನಿಗಳಿಗೆ ಅರ್ಜಿ ಕಳಿಸಿದಾಗಲೂ ಮಕ್ಕಳಿಲ್ಲದ ಹೆಂಗಸರಿಗೆ ಅಮ್ಮಂದಿರಿಗೆ ಬಂದದ್ದರ ಸುಮಾರು ಎರಡು ಪಟ್ಟು ಕರೆ ಬಂದವು.

ನನಗೆ ಮುಖ್ಯವಾಗಿ ಕಾಣುವುದು ಇದು: ಓದಿದವರ ಮುಂದೆ ಆ ಹೆಂಗಸು ಕೆಲಸದಲ್ಲಿ ಸೋತ ಉದಾಹರಣೆ ಒಂದೂ ಇರಲಿಲ್ಲ. ಅಮ್ಮ ಎಂದರೆ ಹೊತ್ತೆಲ್ಲ ಮಕ್ಕಳಿಗೇ ಎಂದು ನಾವು ಮೊದಲೇ ನಂಬಿರುತ್ತೇವೆ, ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ಹಾಗಂತ ಪೇಲಿನ್‌ರನ್ನು ಪ್ರಶ್ನಿಸಬಾರದಿತ್ತು ಅಂತಲ್ಲ. ಮೆಕೇನ್ ಗೆದ್ದು, 72 ವರ್ಷದ ಆ ಅಧ್ಯಕ್ಷರಿಗೆ ಏನಾದರೂ ಆದರೆ ಅಧಿಕಾರ ಪೇಲಿನ್ ಕೈಗೇ ಬರುತ್ತಿತ್ತು. ಅನುಭವ ಸಾಕಾ, ವಿದೇಶಾಂಗ ವ್ಯವಹಾರ ಗೊತ್ತಾ ಎಂದು ಎಷ್ಟು ಬೇಕಾದರೂ ಕೇಳಬಹುದಿತ್ತು, ಕೇಳಲೇಬೇಕಿತ್ತು. ತೊಟ್ಟಿಲು ಅದಕ್ಕೆ ಉತ್ತರ ಕೊಡುವುದಿಲ್ಲ.

ಮಕ್ಕಳನ್ನು ಹೆರದಿದ್ದರೂ ಬಿಡುಗಡೆಯಿಲ್ಲ. 2021ರಲ್ಲಿ ರಿಪಬ್ಲಿಕನ್ ಪಕ್ಷದ ಜೆ.ಡಿ. ವ್ಯಾನ್ಸ್ ಮಕ್ಕಳಿಲ್ಲದ ರಾಜಕಾರಣಿಗಳನ್ನು ಜರಿಯುತ್ತಾ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹೆಸರೆತ್ತಿದರು. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳಿಗೆ ಹ್ಯಾರಿಸ್ ಮಲತಾಯಿ. 2024ರಲ್ಲಿ ವ್ಯಾನ್ಸ್ ಡೊನಾಲ್ಡ್ ಟ್ರಂಪ್‌ರ ರನ್ನಿಂಗ್ ಮೇಟ್ ಆದಾಗ ಆ ಮಾತು ಮತ್ತೆ ಮೇಲೆದ್ದಿತು. ವ್ಯಾನ್ಸ್‌ಗೂ ಆಗ ಮೂವರು ಪುಟ್ಟ ಮಕ್ಕಳಿದ್ದರು. ಅವರನ್ನು ಯಾರು ನೋಡಿಕೊಳ್ತಾರೆ ಎಂಬುದು ದೊಡ್ಡ ಚರ್ಚೆಯಾಗಲಿಲ್ಲ.