ಸೈನಿಕರ ತ್ಯಾಗ ದೊಡ್ಡದು ಅಂದಮೇಲೆ ಆಡಳಿತವನ್ನೂ ಅವರಿಗೇ ಕೊಡಬಹುದಲ್ವಾ?

ಓದುಗರ ಪ್ರಶ್ನೆ: ಸೈನಿಕ ಗಡಿಯಲ್ಲಿ ಪ್ರಾಣ ಕೊಡುತ್ತಾನೆ, ರಾಜಕಾರಣಿ ಎಸಿ ಕಾರಿನಲ್ಲಿ ಓಡಾಡುತ್ತಾನೆ. ಇಬ್ಬರನ್ನೂ ದೇಶಸೇವಕರು ಅಂತ ಒಂದೇ ಸಾಲಿನಲ್ಲಿ ಯಾಕೆ ನಿಲ್ಲಿಸಬೇಕು? ಹತ್ತು ವರ್ಷ ಮಿಲಿಟರಿ ಆಡಳಿತ ಬಂದರೆ ಎಲ್ಲ ಸರಿಹೋಗುವುದಿಲ್ಲವೇ?

ಆಗಸ್ಟ್ 15 ಹತ್ತಿರ ಬಂದಾಗ ಒಮ್ಮೆ, ಚುನಾವಣೆ ಫಲಿತಾಂಶ ಬಂದಾಗ ಇನ್ನೊಮ್ಮೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅದೇ ಪ್ರಶ್ನೆ. ಪುಣೆಯಲ್ಲಿ ಇರುವವರಿಗೆ ಇದು ಹೊಳೆಯದೇ ಇರುವುದೂ ಕಷ್ಟ ಬಿಡಿ. ಸೇನೆಯ ಸದರ್ನ್ ಕಮಾಂಡ್ ಇಲ್ಲಿದೆ, ಖಡಕ್‌ವಾಸ್ಲಾದಲ್ಲಿ ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ (ಎನ್‌ಡಿಎ) ಇದೆ, ಖಡ್ಕಿಯಲ್ಲಿ ಸೇನೆಯ ಎಂಜಿನಿಯರ್ ಪಡೆ ಬಾಂಬೆ ಸ್ಯಾಪರ್ಸ್ ಇದೆ. ಬೆಳಗಾವಿ, ವಿಜಯಪುರ ಕಡೆಯಿಂದ ಬಂದ ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಫೌಜಿ ಇರುತ್ತಾರೆ.

ಮೊದಲ ಭಾಗಕ್ಕೆ ಉತ್ತರ ಸುಲಭ. ತ್ಯಾಗದಲ್ಲಿ ಸೈನಿಕರೇ ದೊಡ್ಡವರು. ಅನುಮಾನವಿದ್ದರೆ ಎರಡು ಪ್ರಮಾಣವಚನಗಳನ್ನು ಪಕ್ಕಪಕ್ಕ ಇಟ್ಟು ಓದಿ. ನೆಲ, ಜಲ, ಆಕಾಶ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಜೀವಕ್ಕೆ ಅಪಾಯವಿದ್ದರೂ ಆದೇಶ ಪಾಲಿಸುತ್ತೇನೆ ಅಂತ ಜವಾನ ಪ್ರಮಾಣ ಮಾಡುತ್ತಾನೆ. ಭಯ, ಪಕ್ಷಪಾತ, ರಾಗದ್ವೇಷ ಇಲ್ಲದೆ ಎಲ್ಲರಿಗೂ ನ್ಯಾಯ ಮಾಡುತ್ತೇನೆ ಅಂತ ಮಂತ್ರಿ ಪ್ರಮಾಣ ಮಾಡುತ್ತಾರೆ. ಮಂತ್ರಿಯ ಮಾತಿನಲ್ಲಿ ಜೀವದ ವಿಷಯವೇ ಇಲ್ಲ. ಖಡ್ಕಿಯಲ್ಲೇ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಇದೆ. ಬೆನ್ನುಹುರಿಗೆ ಪೆಟ್ಟಾಗಿ ವ್ಹೀಲ್‌ಚೇರ್ ಮೇಲೆ ಬದುಕು ಕಟ್ಟಿಕೊಂಡ ಸೈನಿಕರು ಅಲ್ಲಿದ್ದಾರೆ.

ಪಿಂಚಣಿ ಬಗ್ಗೆ ಎಷ್ಟೋ ಜನರಿಗಿರುವ ಸಿಟ್ಟೂ ನ್ಯಾಯವೇ. ಹಳೇ ಪದ್ಧತಿಯಲ್ಲಿ ಸೇರಿದ ಜವಾನ ಸೇವಾ ಪಿಂಚಣಿಗೆ 15 ವರ್ಷ ದುಡಿಯಬೇಕು. 2022ರಲ್ಲಿ ಶುರುವಾದ ಸೇನಾ ನೇಮಕಾತಿ ಯೋಜನೆ ಅಗ್ನಿಪಥದಲ್ಲಿ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೇ ಇಲ್ಲ. ಸಂಸದರಿಗೆ ಮಾತ್ರ ಎಷ್ಟೇ ಕಡಿಮೆ ಅವಧಿ ಇದ್ದರೂ ಪಿಂಚಣಿ ಸಿಗುತ್ತದೆ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆದರೆ ರಾಜಕಾರಣಿ ಅಂದಕೂಡಲೇ ದೆಹಲಿಯ ಬಂಗಲೆಯನ್ನಷ್ಟೇ ನೆನೆಯಬೇಡಿ. ಕಾಶ್ಮೀರದಲ್ಲಿ ಪಂಚಾಯಿತಿಗೆ ಆರಿಸಿಬಂದ ತಪ್ಪಿಗೆ ಉಗ್ರರ ಗುಂಡಿಗೆ ಬಲಿಯಾದ ಸರಪಂಚರಿದ್ದಾರೆ. ಅವರಿಗೆ ಬಂದೂಕೂ ಇರಲಿಲ್ಲ, ತರಬೇತಿಯೂ ಇರಲಿಲ್ಲ.

ಇನ್ನು ಮಿಲಿಟರಿ ಆಡಳಿತದ ಮಾತು. ಇದು ಸುಳ್ಳು ನಂಬಿಕೆ. ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ.

ಪಕ್ಕದ ದೇಶವನ್ನೇ ನೋಡಿ. ಪಾಕಿಸ್ತಾನದಲ್ಲಿ ಸೈನ್ಯ 1958ರಲ್ಲಿ, 1977ರಲ್ಲಿ, 1999ರಲ್ಲಿ ಅಧಿಕಾರ ಹಿಡಿಯಿತು. ಪ್ರತಿ ಸಲವೂ ನೆಪ ಒಂದೇ. ರಾಜಕಾರಣಿಗಳು ದೇಶ ಹಾಳು ಮಾಡಿದರು, ನಾವು ಸರಿ ಮಾಡುತ್ತೇವೆ. ಆಗಿದ್ದೇನು? 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ ಅವಾಮಿ ಲೀಗ್‌ಗೆ ಬಹುಮತ ಬಂತು. ಆಗ ದೇಶ ಆಳುತ್ತಿದ್ದ ಜನರಲ್ ಯಾಹ್ಯಾ ಖಾನ್ ಅಧಿಕಾರ ಬಿಟ್ಟುಕೊಡಲಿಲ್ಲ. ಮಾತುಕತೆಯಿಂದ ಬಗೆಹರಿಸಬೇಕಾದ ಜಗಳಕ್ಕೆ ಟ್ಯಾಂಕ್ ಕಳಿಸಿದರು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಅದೇ ಸೈನ್ಯ ಶರಣಾಯಿತು. ಅರ್ಧಕ್ಕಿಂತ ಹೆಚ್ಚು ಜನ ಇದ್ದ ಭಾಗವೇ ದೇಶದಿಂದ ಕೈಬಿಟ್ಟು ಹೋಯಿತು. ಇದೆಲ್ಲ ಆದದ್ದು ಮಿಲಿಟರಿ ಆಡಳಿತದಲ್ಲೇ, ನೆನಪಿರಲಿ. ಮ್ಯಾನ್ಮಾರ್‌ನಲ್ಲಿ 1962ರಿಂದ ದಶಕಗಟ್ಟಲೆ ಸೈನ್ಯವೇ ಆಳಿತು. 2021ರಲ್ಲಿ ಮತ್ತೆ ಅಧಿಕಾರ ಹಿಡಿಯಿತು. ಅಲ್ಲಿ ಸೈನ್ಯದ ಬಂದೂಕು ಸ್ವಂತ ಜನರ ಕಡೆಗೇ ತಿರುಗಿದೆ.

'ನಮ್ಮ ಸೈನಿಕರು ಹಾಗಲ್ಲ' ಅನ್ನುತ್ತೀರಿ. ನಿಜ, ಹಾಗಲ್ಲ. ಆದರೆ ಯಾಕೆ ಹಾಗಲ್ಲ ಅಂತ ಯೋಚಿಸಿದ್ದೀರಾ? ಅವರು ಆಳುವುದಿಲ್ಲ, ಅದಕ್ಕೇ. ಸಂವಿಧಾನದ 53ನೇ ವಿಧಿಯಂತೆ ಸೇನೆಯ ಸರ್ವೋಚ್ಚ ಅಧಿಕಾರ ರಾಷ್ಟ್ರಪತಿಯದ್ದು. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಯೂನಿಫಾರ್ಮ್‌ನಲ್ಲಿ ಇರುವವರು ಪಕ್ಷ ಸೇರುವಂತಿಲ್ಲ, ರಾಜಕೀಯ ಸಭೆಗೆ ಹೋಗುವಂತಿಲ್ಲ. ಅದಕ್ಕೇ ಅವರನ್ನು ಕಂಡರೆ ಎಲ್ಲ ಪಕ್ಷದವರಿಗೂ ಗೌರವ. ನಾಳೆ ಒಬ್ಬ ಜನರಲ್ ಪುಣೆಯ ನೀರು ಹಂಚಿಕೆ ತೀರ್ಮಾನಿಸಲಿ. ನಾಡಿದ್ದಿನಿಂದ ಅರ್ಧ ಊರು ಅವರನ್ನು ಬೈಯುತ್ತದೆ. ಐದು ವರ್ಷಕ್ಕೆ ಅವರನ್ನು ಇಳಿಸುವ ದಾರಿಯೂ ನಿಮಗಿರುವುದಿಲ್ಲ.

ಕಾರ್ಗಿಲ್ ಉದಾಹರಣೆ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 1999ರಲ್ಲಿ ನಿಯಂತ್ರಣ ರೇಖೆ ದಾಟಬಾರದು ಅಂತ ವಾಜಪೇಯಿ ಸರ್ಕಾರ ತೀರ್ಮಾನ ಮಾಡಿತು. ಆ ಆದೇಶದಿಂದ ಸೈನಿಕರ ಕೆಲಸ ತುಂಬ ಕಷ್ಟವಾಯಿತು. ಮೇಲೆ ಕೂತ ಶತ್ರುವಿನ ಗುಂಡು ಬರುತ್ತಿರುವಾಗ ಕಡಿದಾದ ಬೆಟ್ಟ ಹತ್ತಬೇಕಾಯಿತು. ನಮ್ಮವರು 527 ಜನ ಹುತಾತ್ಮರಾದರು. ಆದರೆ ಆ ಸಂಯಮದಿಂದಲೇ ಜಗತ್ತು ನಮ್ಮ ಪರ ನಿಂತಿತು, ಯುದ್ಧ ಹರಡಲಿಲ್ಲ. ತೀರ್ಮಾನ ಒಬ್ಬರದ್ದು, ಅದರ ಬೆಲೆ ಕೊಟ್ಟವರು ಇನ್ನೊಬ್ಬರು. ಅದಕ್ಕೇ ತೀರ್ಮಾನ ಮಾಡುವವರನ್ನು ನಾವು ಜಾಸ್ತಿ ಪ್ರಶ್ನಿಸಬೇಕು. ಆ ಭಾರವನ್ನೂ ಸೈನಿಕರ ಹೆಗಲಿಗೇ ಹಾಕುವುದು ಸರಿಯಲ್ಲ.

ಸೈನಿಕರು ರಾಜಕೀಯಕ್ಕೆ ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ನಿವೃತ್ತಿ ಆದಮೇಲೆ ಧಾರಾಳವಾಗಿ ಬರಲಿ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. 1965ರ ಯುದ್ಧದಲ್ಲಿ ಪೈಲಟ್ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ ಮಗನಿಗೆ ವಿಶೇಷ ರಿಯಾಯಿತಿ ಬೇಡ ಅಂದವರು ಅವರು. ಅಂಥವರು 1971ರಲ್ಲಿ ಮುಂಬೈನಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಸೋಲನ್ನು ಒಪ್ಪಿಕೊಂಡರು. ನನಗೆ ಇದು ಅವರ ಬದುಕಿನ ಸಣ್ಣ ಘಟನೆ ಅನ್ನಿಸುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳುತ್ತೇನೆ. ಸೈನಿಕರಿಗೆ ವೋಟ್ ಇಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಇದೆ. ಸರ್ವಿಸ್ ವೋಟರ್ ಅಂತ ಸ್ವಂತ ಊರಿನ ಪಟ್ಟಿಯಲ್ಲಿ ಹೆಸರು ಇರುತ್ತದೆ. ಮತಪತ್ರ ಆನ್‌ಲೈನಿನಲ್ಲಿ ಬರುತ್ತದೆ. ಪ್ರಿಂಟ್ ತೆಗೆದು, ಗುರುತು ಹಾಕಿ ಅಂಚೆಯಲ್ಲಿ ಕಳಿಸಬೇಕು. ಎಣಿಕೆ ಶುರುವಾಗುವ ಮೊದಲೇ ಅದು ತಲುಪಬೇಕು. ಪುಣೆಯಂಥ ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯ ಕಾರ್ಯಾಚರಣೆ ಇಲ್ಲದ ಶಾಂತ ಜಾಗದಲ್ಲಿ, ಪೋಸ್ಟಿಂಗ್ ಇರುವವರು ಇಲ್ಲೇ ಸಾಮಾನ್ಯ ಮತದಾರರಾಗಬಹುದು. 2014ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ಮಾಡಿಕೊಟ್ಟಿತು. ಜೊತೆಗಿರುವ ಹೆಂಡತಿಯೂ ಸರ್ವಿಸ್ ವೋಟರ್ ಆಗಬಹುದು. ಮಹಿಳಾ ಅಧಿಕಾರಿಯ ಗಂಡನಿಗೆ ಈ ಹಕ್ಕು ಇರಲಿಲ್ಲ. 2021ರ ಕಾನೂನು ತಿದ್ದುಪಡಿಯಲ್ಲಿ ಅದೂ ಬಂತು. ಊರಲ್ಲಿ ಒಂದು, ಇಲ್ಲಿ ಒಂದು ಅಂತ ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಮನೆಯಲ್ಲಿ ಸೇವೆಯಲ್ಲಿರುವವರು ಇದ್ದರೆ ಮುಂದಿನ ಚುನಾವಣೆಗೆ ಮೊದಲೇ ಯೂನಿಟ್‌ನಲ್ಲಿ ವಿಚಾರಿಸಲು ಹೇಳಿ.